ಸ್ಟೈಲ್ ಬದಲಾದರೂ ಕೈತಿದ್ದುಪಡಿ ಉಳಿಯಬೇಕು: ಡೈಮೆನ್ಷನ್‌ಗಳೊಂದಿಗೆ ನನ್ನ ಅನುಭವ

ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡು, ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ಅಳತೆಗೆ ಗುರುತು ಹಾಕುತ್ತಿದ್ದೆ. ಅದು ಗೇರ್‌ಬಾಕ್ಸ್ ಹೌಸಿಂಗ್‌ನ ಡ್ರಾಯಿಂಗ್. ಬಲಗಡೆಯ ಮೂಲೆಯಲ್ಲಿ ಆಯಿಲ್ ಸೀಲ್ ಕೂರುವ ಜಾಗದ ವಿವರವನ್ನು ಎರಡು ಪಟ್ಟು ಹಿಗ್ಗಿಸಿ ಬರೆಯಲಾಗಿತ್ತು. ಅಲ್ಲಿ ಅಗಲ 12 ಇರಬೇಕಾದ ಕಡೆ 24 ಎಂದಿತ್ತು. ಹಿಂದಿನ ದಿನದ ಪ್ರಿಂಟ್ ತೆಗೆದು ನೋಡಿದೆ. ಅದರಲ್ಲಿ 12 ಸರಿಯಾಗಿಯೇ ಇತ್ತು. ಎರಡೂ ಪ್ರಿಂಟ್‌ಗಳ ನಡುವೆ ನಾನು ಮಾಡಿದ್ದು ಒಂದೇ ಕೆಲಸ: ಡೈಮೆನ್ಷನ್ ಸ್ಟೈಲ್ ಅನ್ನು, ಅಂದರೆ ಅಳತೆಗಳ ಅಕ್ಷರ, ಬಾಣ, ಗೆರೆ ಹೇಗೆ ಕಾಣಬೇಕು ಎಂಬ ಹೊಂದಿಕೆಗಳ ಕಟ್ಟನ್ನು, ಬದಲಾಯಿಸಿದ್ದೆ.

ಎದೆ ಧಸಕ್ಕೆಂದಿತು. ಅಕ್ಷರ ಚಿಕ್ಕದಾಗಿದ್ದರೆ, ಬಾಣದ ಆಕಾರ ಬೇರೆಯಾಗಿದ್ದರೆ ಯಾರೂ ತಪ್ಪು ಭಾಗ ಮಾಡುವುದಿಲ್ಲ. ಆದರೆ ಅಳತೆಯೇ ಎರಡು ಪಟ್ಟಾಗಿ, ನೋಡಲು ಎಲ್ಲ ರೀತಿಯಲ್ಲೂ ಸರಿಯಾಗಿಯೇ ಕಾಣುತ್ತಿದ್ದರೆ, ಯಂತ್ರದ ಮುಂದೆ ನಿಂತವರು ಅದನ್ನು ನಂಬಿಯೇ ಲೋಹ ಕೊರೆಯುತ್ತಾರೆ. ಅಂದಿನಿಂದ ಸ್ಟೈಲ್ ಬದಲಾವಣೆಯನ್ನು ಅಲಂಕಾರದ ಕೆಲಸ ಎಂದು ನೋಡುವುದನ್ನು ಬಿಟ್ಟಿದ್ದೇನೆ. ಆ ಡ್ರಾಯಿಂಗ್‌ಗಳನ್ನು ಹೇಗೆ ಸರಿಪಡಿಸಿದೆ, ಈಗ ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬಳಸುವುದು ಆಟೋಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶ. ಹೆಸರು, ಸಂಖ್ಯೆಗಳೆಲ್ಲ ಅದರವೇ.

ಕೆಲಸ ಹೇಳಿಕೇಳಿ ಸರಳವಾಗಿತ್ತು. ಹಳೆಯ ಡ್ರಾಯಿಂಗ್‌ಗಳಲ್ಲಿ ಅಳತೆಯ ಅಕ್ಷರ 2.5 ಮಿಲಿಮೀಟರ್ ಎತ್ತರವಿತ್ತು, ಅದು 3.5 ಆಗಬೇಕಿತ್ತು. ಬಾಣದ ಗಾತ್ರ, ಬಣ್ಣ, ಅಕ್ಷರದ ಫಾಂಟ್ ಹೊಸದಾಗಬೇಕಿತ್ತು. ಹೊಸ ಸ್ಟೈಲ್ ಸಿದ್ಧವಾಗಿತ್ತು. ನಾನು ಅದನ್ನು ಚಾಲ್ತಿಗೆ ತಂದು, ಡಿಮ್‌ಸ್ಟೈಲ್ ಆದೇಶದ ಕಮಾಂಡ್ ಲೈನ್ ರೂಪದಲ್ಲಿ ‘ಅಪ್ಲೈ’ ಆರಿಸಿ, ಇಡೀ ಡ್ರಾಯಿಂಗ್‌ನ ಡೈಮೆನ್ಷನ್‌ಗಳನ್ನು ಒಟ್ಟಿಗೆ ಹಿಡಿದು ಎಂಟರ್ ಒತ್ತಿದೆ. ಎಲ್ಲವೂ ಕ್ಷಣದಲ್ಲಿ ಹೊಸ ವೇಷ ತೊಟ್ಟವು. ಆ ಅಚ್ಚುಕಟ್ಟು ನೋಡಿ ಸಮಾಧಾನಪಟ್ಟಿದ್ದೂ ನಿಜ.

‘ಅಪ್ಲೈ’ ಏನು ಮಾಡುತ್ತದೆ ಎಂಬುದನ್ನು ಆಮೇಲೆ ಸಾವಧಾನವಾಗಿ ಅರ್ಥಮಾಡಿಕೊಂಡೆ. ಆ ಕ್ಷಣದಲ್ಲಿ ಚಾಲ್ತಿಯಲ್ಲಿರುವ ಡೈಮೆನ್ಷನ್ ವೇರಿಯಬಲ್‌ಗಳೆಲ್ಲವನ್ನೂ, ಅಂದರೆ ಸ್ಟೈಲ್‌ನ ಒಂದೊಂದು ಹೊಂದಿಕೆಯನ್ನೂ, ಅದು ಆರಿಸಿದ ಡೈಮೆನ್ಷನ್ ಮೇಲೆ ಹೇರುತ್ತದೆ. ಆ ಡೈಮೆನ್ಷನ್ ತನ್ನದೇ ಆಗಿ ಇಟ್ಟುಕೊಂಡಿದ್ದ ವಿನಾಯಿತಿಗಳು, ಅಂದರೆ ಓವರ್‌ರೈಡ್‌ಗಳು, ಅದರ ಅಡಿಯಲ್ಲಿ ಅಳಿಸಿಹೋಗುತ್ತವೆ. ನನ್ನ ಸೀಲ್ ವಿವರದಲ್ಲಿ ಅಳಿಸಿಹೋಗಿದ್ದು ಡಿಮ್‌ಎಲ್‌ಫ್ಯಾಕ್ ಎಂಬ ಒಂದು ಓವರ್‌ರೈಡ್. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ಬರೆದಿದ್ದರಿಂದ, ಅಳೆದದ್ದನ್ನು 0.5ರಿಂದ ಗುಣಿಸಿ ತೋರಿಸು ಎಂದು ಅದನ್ನು ಬರೆದವರು ಆ ಡೈಮೆನ್ಷನ್‌ಗೆ ಮಾತ್ರ ಹೇಳಿಟ್ಟಿದ್ದರು. ಹೊಸ ಸ್ಟೈಲ್‌ನಲ್ಲಿ ಅದು 1. ಹಾಗಾಗಿ 12 ಹೋಗಿ 24 ಬಂತು.

ಮತ್ತೆ ಹುಡುಕಿದಾಗ ಇನ್ನೂ ಹಲವು ಕಣ್ಣಿಗೆ ಬಿದ್ದವು. ಬೇರಿಂಗ್ ಕೂರುವ 25ರ ಶಾಫ್ಟ್‌ಗೆ ಮೇಲೆ 0, ಕೆಳಗೆ 0.021 ಎಂದಿದ್ದ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ) ಮಾಯವಾಗಿ ಬರೀ 25 ಉಳಿದಿತ್ತು. ಅರ್ಧ ಕತ್ತರಿಸಿ ತೋರಿಸಿದ ನೋಟದಲ್ಲಿ ಒಂದು ಬದಿಯ ಎಕ್ಸ್‌ಟೆನ್ಷನ್ ಲೈನ್ (ಭಾಗದ ಅಂಚಿನಿಂದ ಅಳತೆಯ ಗೆರೆಗೆ ಬರುವ ಗೆರೆ) ಮತ್ತು ಬಾಣವನ್ನು ಬೇಕೆಂದೇ ಅಡಗಿಸಿದ್ದರು. ಅವು ಮತ್ತೆ ಮೂಡಿ, ಇಲ್ಲದ ಅಂಚನ್ನು ಇದೆ ಎಂಬಂತೆ ತೋರಿಸುತ್ತಿದ್ದವು. ಕಿರಿದಾದ ಜಾಗದಲ್ಲಿ ಗೆರೆಯಿಂದ ಬಿಡಿಸಿ ಪಕ್ಕಕ್ಕೆ ಸರಿಸಿದ್ದ ಅಕ್ಷರಗಳು ಗೆರೆಯ ಜೊತೆಗೇ ಕಟ್ಟಿಕೊಂಡು ಒಂದರ ಮೇಲೊಂದು ಕೂತಿದ್ದವು. ಇವೆಲ್ಲ ಹಿಂದೆ ಯಾರೋ ಕುಳಿತು ಯೋಚಿಸಿ ತೆಗೆದುಕೊಂಡ ತೀರ್ಮಾನಗಳು. ನಾನು ಒಂದು ಎಂಟರ್‌ನಲ್ಲಿ ಅವನ್ನು ಒರೆಸಿಹಾಕಿದ್ದೆ.

ಪುಣ್ಯಕ್ಕೆ ಹಳೆಯ ಫೈಲ್ ಬೇರೆಯಾಗಿ ಉಳಿದಿತ್ತು. ಅದನ್ನೇ ಮತ್ತೆ ತೆರೆದು ಮೊದಲಿನಿಂದ ಶುರುಮಾಡಿದೆ.

ಮೊದಲು ತಿಳಿಯಬೇಕಾದದ್ದು ಕೈತಿದ್ದುಪಡಿ ಎಲ್ಲಿ ಕೂತಿರುತ್ತದೆ ಎಂಬುದು. ಇದು ಗೊತ್ತಾಗದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆ. ಎಲ್ಲ ತಿದ್ದುಪಡಿಗಳೂ ಒಂದೇ ಬಗೆಯವಲ್ಲ. ಫೈಲ್‌ನೊಳಗೆ ಪ್ರತಿ ಮಾಹಿತಿಗೂ ಅದು ಏನೆಂದು ಹೇಳುವ ಒಂದು ಸಂಖ್ಯೆ, ಅಂದರೆ ಸಂಕೇತ, ಇರುತ್ತದೆ. ಅಕ್ಷರವನ್ನು ಹಿಡಿದೆಳೆದು ಬೇರೆಡೆ ಇಟ್ಟರೆ ಆ ಸ್ಥಾನ ಡೈಮೆನ್ಷನ್‌ನ ಸ್ವಂತ ಮಾಹಿತಿಯಲ್ಲಿ, 11ನೆಯ ಸಂಕೇತದಡಿ ದಾಖಲಾಗುತ್ತದೆ. ಕೈಯಿಂದ ಇಟ್ಟದ್ದು ಎಂಬ ಗುರುತು 70ನೆಯ ಸಂಕೇತಕ್ಕೆ 128 ಸೇರಿಸಿದಂತೆ ಕೂರುತ್ತದೆ. ಅಳತೆಯ ಬದಲು ಅಥವಾ ಅಳತೆಯ ಜೊತೆ ನಾವು ಟೈಪ್ ಮಾಡಿದ ಪಠ್ಯ 1ನೆಯ ಸಂಕೇತದಲ್ಲಿರುತ್ತದೆ. ಓರೆ ಮಾಡಿದ ಎಕ್ಸ್‌ಟೆನ್ಷನ್ ಲೈನ್‌ನ ಕೋನ 52ರಲ್ಲಿ, ತಿರುಗಿಸಿದ ಅಕ್ಷರದ ಕೋನ 53ರಲ್ಲಿ. ಇವು ಯಾವುವೂ ಸ್ಟೈಲ್‌ಗೆ ಸೇರಿದವಲ್ಲ, ಆದ್ದರಿಂದ ಸ್ಟೈಲ್ ಬದಲಾದರೆ ಇವು ಅಳಿಯುವುದಿಲ್ಲ.

ಅಳಿಯುವುದು ಇನ್ನೊಂದು ಬಗೆ. ಪ್ರಾಪರ್ಟೀಸ್ ಪ್ಯಾಲೆಟ್‌ನಲ್ಲಿ ಒಂದು ಡೈಮೆನ್ಷನ್‌ನ ಬಣ್ಣ, ಟಾಲರೆನ್ಸ್, ಬಾಣ, ದಶಮಾಂಶ ಸ್ಥಾನ ಇತ್ಯಾದಿ ಬದಲಿಸಿದಾಗ ಅದು ಆ ಡೈಮೆನ್ಷನ್‌ಗೆ ಅಂಟಿಕೊಂಡ ಹೆಚ್ಚುವರಿ ಮಾಹಿತಿಯಲ್ಲಿ, ‘ಎಕ್ಸ್‌ಡೇಟಾ’ ಎಂದು ಕರೆಯುವ ಚೀಲದಲ್ಲಿ ಕೂರುತ್ತದೆ. ಅದರೊಳಗೆ ‘ಡಿಸ್ಟೈಲ್’ ಎಂಬ ತಲೆಬರಹ, ಪುಷ್ಪಾವರಣ, ಆಮೇಲೆ ಜೋಡಿ ಜೋಡಿಯಾಗಿ ಸಂಖ್ಯೆಗಳು: ಮೊದಲನೆಯದು ಯಾವ ವೇರಿಯಬಲ್ ಎಂದು ಹೇಳುವ ಸಂಕೇತ, ಎರಡನೆಯದು ಅದರ ಬೆಲೆ. 144 ಎಂದರೆ ಡಿಮ್‌ಎಲ್‌ಫ್ಯಾಕ್. 75 ಮತ್ತು 76 ಎಂದರೆ ಮೊದಲ ಮತ್ತು ಎರಡನೆಯ ಎಕ್ಸ್‌ಟೆನ್ಷನ್ ಲೈನ್ ಅಡಗಿಸುವುದು. 71 ಟಾಲರೆನ್ಸ್ ತೋರಿಸುವುದು, 47 ಮೇಲಿನ ಮಿತಿ, 48 ಕೆಳಗಿನ ಮಿತಿ. ಅಕ್ಷರ ಸರಿದಾಗ ಗೆರೆ ಜೊತೆಗೆ ಸರಿಯಬೇಕೇ ಬೇಡವೇ ಎಂಬ ಡಿಮ್‌ಟಿಮೂವ್‌ನ ಸಂಕೇತ 279. ಈ ಕೊನೆಯದನ್ನು ನೋಡಿದಾಗ ಅಕ್ಷರಗಳು ಯಾಕೆ ಗುಂಪುಗೂಡಿದವು ಎಂದು ತಿಳಿಯಿತು. ಸ್ಥಾನ ಉಳಿದಿತ್ತು, ಆದರೆ ಗೆರೆಯನ್ನು ಬಿಟ್ಟು ನಿಲ್ಲಲು ಅಕ್ಷರಕ್ಕಿದ್ದ ಅನುಮತಿ, ಅಂದರೆ 2 ಎಂಬ ಬೆಲೆ, ಓವರ್‌ರೈಡ್‌ನೊಂದಿಗೆ ಹೋಗಿ 0 ಆಗಿತ್ತು.

ಇಷ್ಟೆಲ್ಲ ಒಳಗಿಳಿಯದೆಯೂ ಒಂದೆರಡು ಡೈಮೆನ್ಷನ್ ನೋಡಬೇಕಿದ್ದರೆ ‘ಲಿಸ್ಟ್’ ಆದೇಶ ಸಾಕು. ಯಾವ ಸ್ಟೈಲ್, ಏನೇನು ಓವರ್‌ರೈಡ್ ಎಂದು ಅದು ಸಾಲಾಗಿ ಹೇಳುತ್ತದೆ. ಇನ್ನೊಂದು ಉಪಯುಕ್ತ ಅಭ್ಯಾಸ ಎರಡು ಸ್ಟೈಲ್‌ಗಳನ್ನು ಹೋಲಿಸುವುದು. ಡೈಮೆನ್ಷನ್ ಸ್ಟೈಲ್ ಮ್ಯಾನೇಜರ್‌ನಲ್ಲಿ ‘ಕಂಪೇರ್’ ಗುಂಡಿ ಇದೆ. ಹಳೆಯದಕ್ಕೂ ಹೊಸದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಎಂಬ ಪಟ್ಟಿ ಕೈಯಲ್ಲಿದ್ದರೆ ಮುಂದೆ ಏನಾಗಲಿದೆ ಎಂಬುದು ಅರ್ಧ ಗೊತ್ತಾದಂತೆಯೇ.

ನನ್ನ ಮೊದಲ ಯೋಚನೆ ಎಲ್ಲ ಓವರ್‌ರೈಡ್‌ಗಳನ್ನೂ ಹಾಗೆಯೇ ಉಳಿಸಿಕೊಳ್ಳುವುದು. ಅದಕ್ಕೆ ಸುಲಭದ ದಾರಿಯೂ ಸಿಕ್ಕಿತು. ಡೈಮೆನ್ಷನ್‌ಗಳನ್ನು ಹೊಸ ಸ್ಟೈಲ್‌ಗೆ ಸಾಗಿಸುವ ಬದಲು, ಹಳೆಯ ಸ್ಟೈಲ್‌ನ ವ್ಯಾಖ್ಯೆಯನ್ನೇ ಬದಲಿಸಿಬಿಡುವುದು. ಸ್ಟೈಲ್‌ನ ವ್ಯಾಖ್ಯೆ ಬದಲಾದಾಗ ಅದನ್ನು ಅನುಸರಿಸುವ ಡೈಮೆನ್ಷನ್‌ಗಳೆಲ್ಲ ತಾವಾಗಿಯೇ ಹೊಸ ರೂಪ ಪಡೆಯುತ್ತವೆ, ಆದರೆ ಬಿಡಿ ಡೈಮೆನ್ಷನ್‌ನ ಓವರ್‌ರೈಡ್‌ಗೆ ಕೈ ತಗಲುವುದಿಲ್ಲ. ನಾನು ಹೊಸ ಸ್ಟೈಲ್ ಅನ್ನು ಚಾಲ್ತಿಗೆ ತಂದೆ, ಅದರ ಮೇಲೆ ಯಾವ ತಾತ್ಕಾಲಿಕ ಬದಲಾವಣೆಯೂ ಇಲ್ಲವೆಂದು ಖಚಿತಪಡಿಸಿಕೊಂಡೆ, ಕಮಾಂಡ್ ಲೈನ್‌ನ ಡಿಮ್‌ಸ್ಟೈಲ್‌ನಲ್ಲಿ ‘ಸೇವ್’ ಆರಿಸಿ ಹಳೆಯ ಸ್ಟೈಲ್‌ನ ಹೆಸರನ್ನು ಕೊಟ್ಟೆ. ಆ ಹೆಸರು ಈಗಾಗಲೇ ಇದೆ, ಮರುವ್ಯಾಖ್ಯಾನಿಸಬೇಕೇ ಎಂದು ಕೇಳಿತು. ಹೌದು ಎಂದೆ. ಅಕ್ಷರ 3.5 ಆಯಿತು, ಬಾಣ ಬದಲಾಯಿತು. ಸೀಲ್‌ನ ಅಗಲ 12 ಆಗಿಯೇ ನಿಂತಿತು, ಶಾಫ್ಟ್‌ನ 0.021 ಅಲ್ಲೇ ಇತ್ತು. ಹೆಸರನ್ನು ಬದಲಿಸುವುದು ಕೊನೆಯ ಹೆಜ್ಜೆ. ‘ರಿನೇಮ್’ ಆದೇಶದಲ್ಲಿ ಹೊಸ ಸ್ಟೈಲ್‌ಗೆ ಮೊದಲು ಬೇರೊಂದು ಹೆಸರಿಟ್ಟು, ಖಾಲಿಯಾದ ಆ ಹೆಸರನ್ನು ಹಳೆಯದಕ್ಕೆ ಕೊಟ್ಟೆ.

ಇಲ್ಲಿ ಒಂದು ಎಡವುಕಲ್ಲಿದೆ. ಸ್ಟೈಲ್‌ಗೆ ಮಕ್ಕಳಿರುತ್ತವೆ. ತ್ರಿಜ್ಯಕ್ಕೆ ಬೇರೆ, ವ್ಯಾಸಕ್ಕೆ ಬೇರೆ, ಕೋನಕ್ಕೆ ಬೇರೆ ಉಪಸ್ಟೈಲ್ ಮಾಡಿಟ್ಟಿದ್ದರೆ ಅವು ಮೂಲ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಮತ್ತು ಒಂದು ಅಂಕಿ ಸೇರಿ ಬೇರೆಯಾಗಿಯೇ ಉಳಿದಿರುತ್ತವೆ: ನೇರ ಅಳತೆಗೆ 0, ಕೋನಕ್ಕೆ 2, ವ್ಯಾಸಕ್ಕೆ 3, ತ್ರಿಜ್ಯಕ್ಕೆ 4. ತಾಯಿಯನ್ನು ಮರುವ್ಯಾಖ್ಯಾನಿಸಿದ ಮಾತ್ರಕ್ಕೆ ಮಕ್ಕಳ ಎಲ್ಲ ಲಕ್ಷಣಗಳೂ ಬದಲಾಗುವುದಿಲ್ಲ. ನನ್ನ ಡ್ರಾಯಿಂಗ್‌ನಲ್ಲಿ ಉದ್ದಗಳೆಲ್ಲ ಹೊಸ ಅಕ್ಷರದಲ್ಲಿ, ತ್ರಿಜ್ಯಗಳು ಹಳೆಯ ಅಕ್ಷರದಲ್ಲಿ ಕಂಡವು. ಮ್ಯಾನೇಜರ್ ತೆರೆದು ಒಂದೊಂದು ಉಪಸ್ಟೈಲ್‌ಅನ್ನೂ ಕೈಯಿಂದ ತಿದ್ದಿದೆ.

ಒಂದೇ ಹಳೆಯ ಸ್ಟೈಲ್ ಇರುವ ಡ್ರಾಯಿಂಗ್‌ಗೆ ಇವತ್ತಿಗೂ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಪ್ರೋಗ್ರಾಮ್ ಬೇಡ, ಅಪಾಯ ಕಡಿಮೆ. ಆದರೆ ಎರಡು ಕಡೆ ಇದು ಸಾಲಲಿಲ್ಲ. ಕೆಲವು ಡ್ರಾಯಿಂಗ್‌ಗಳಲ್ಲಿ ಮೂರು ಹಳೆಯ ಸ್ಟೈಲ್‌ಗಳಿದ್ದವು, ಮೂರೂ ಸೇರಿ ಒಂದಾಗಬೇಕಿತ್ತು. ಮರುವ್ಯಾಖ್ಯಾನದಿಂದ ಮೂರು ಹೆಸರು ಒಂದಾಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಉಳಿದ ಓವರ್‌ರೈಡ್‌ಗಳಲ್ಲಿ ಕಾಳಿನ ಜೊತೆ ಜೊಳ್ಳೂ ಉಳಿದಿತ್ತು. ಯಾರೋ ಒಂದು ಡೈಮೆನ್ಷನ್‌ನ ಅಕ್ಷರದ ಎತ್ತರವನ್ನು ಎಂದೋ 2.5 ಎಂದು ಗಟ್ಟಿಯಾಗಿ ಕೂರಿಸಿದ್ದರು. ಸ್ಟೈಲ್ 3.5 ಆದರೂ ಅದು 2.5 ಆಗಿಯೇ ಉಳಿಯಿತು. ಇನ್ನೊಂದು ಕಡೆ ಬಣ್ಣ, ಮತ್ತೊಂದು ಕಡೆ ಒಟ್ಟಾರೆ ಸ್ಕೇಲ್ ಹೀಗೆ ಅಂಟಿಕೊಂಡಿತ್ತು.

ಆಗ ಕುಳಿತು ಸಂಕೇತಗಳನ್ನು ಜರಡಿ ಹಿಡಿದೆ. ಈ ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಭಾಗ ಇದೇ. ಉಳಿದದ್ದು ಬೆರಳಿನ ಕೆಲಸ. ನಾನು ಕೇಳಿಕೊಂಡ ಪ್ರಶ್ನೆ: ಈ ಓವರ್‌ರೈಡ್ ಭಾಗದ ಬಗ್ಗೆ ಏನಾದರೂ ಹೇಳುತ್ತದೆಯೇ, ಅಥವಾ ಬರಿಯ ನೋಟದ ಬಗ್ಗೆಯೇ? ಭಾಗದ ಬಗ್ಗೆ ಹೇಳುವುದನ್ನು ಉಳಿಸಲೇಬೇಕು. ಅಳತೆಯ ಗುಣಕ 144, ಟಾಲರೆನ್ಸ್‌ಗೆ ಸೇರಿದ 71, 72, 47, 48 ಮತ್ತು ಅದರ ದಶಮಾಂಶದ 272, ಅಳತೆಯ ಹಿಂದೆ ಮುಂದೆ ಬರುವ ಪಠ್ಯದ 3, ಇವು ಹೋದರೆ ಡ್ರಾಯಿಂಗ್ ಬೇರೆಯದೇ ಭಾಗವನ್ನು ಹೇಳುತ್ತದೆ. ಚಿತ್ರದ ಓದಿಗೆ ಸೇರಿದವು, ಅಂದರೆ ಗೆರೆ ಅಡಗಿಸುವ 75, 76, 281, 282 ಮತ್ತು ಅಕ್ಷರ ಬಿಡಿಸುವ 279, ಇವನ್ನೂ ಉಳಿಸಿದೆ. ಅಕ್ಷರದ ಎತ್ತರ 140, ಬಾಣದ ಗಾತ್ರ 41, ಬಣ್ಣಗಳ 176, 177, 178, ಒಟ್ಟಾರೆ ಸ್ಕೇಲ್‌ನ 40, ಅಕ್ಷರ ಶೈಲಿಯ 340, ಇವನ್ನೆಲ್ಲ ಬಿಟ್ಟುಬಿಟ್ಟೆ. ಹೊಸ ಸ್ಟೈಲ್ ತಂದದ್ದೇ ಇವುಗಳಿಗಾಗಿ. ದಶಮಾಂಶ ಸ್ಥಾನದ 271 ಬಗ್ಗೆ ಮಾತ್ರ ಕಣ್ಣು ಮುಚ್ಚಿ ತೀರ್ಮಾನಿಸಲಾಗದು. ಒಬ್ಬರು 25.00 ಎಂದು ಬರೆದದ್ದು ಅಂದಕ್ಕೋ ಉದ್ದೇಶಕ್ಕೋ ಎಂಬುದನ್ನು ಡ್ರಾಯಿಂಗ್ ನೋಡಿಯೇ ಹೇಳಬೇಕು.

147ರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನಾನು ಮತ್ತೊಮ್ಮೆ ಎಡವುವುದರಲ್ಲಿದ್ದೆ. ಅದು ಡಿಮ್‌ಗ್ಯಾಪ್, ಅಕ್ಷರಕ್ಕೂ ಗೆರೆಗೂ ನಡುವಿನ ಅಂತರ. ಅಂತರ ಎಂದ ಮೇಲೆ ನೋಟದ ವಿಷಯ ತಾನೇ ಎಂದು ಬಿಡುವ ಪಟ್ಟಿಗೆ ಸೇರಿಸಿದ್ದೆ. ಆದರೆ ಆ ಬೆಲೆ ಋಣ ಸಂಖ್ಯೆಯಾಗಿದ್ದರೆ ಆಟೋಕ್ಯಾಡ್ ಅಕ್ಷರದ ಸುತ್ತ ಚೌಕ ಹಾಕುತ್ತದೆ. ಚೌಕದೊಳಗಿನ ಅಳತೆ ಎಂದರೆ ಯಂತ್ರ ಭಾಗಗಳ ಡ್ರಾಯಿಂಗ್‌ನಲ್ಲಿ ಸೈದ್ಧಾಂತಿಕವಾಗಿ ನಿಖರವಾದ ಅಳತೆ, ಅದರ ಟಾಲರೆನ್ಸ್ ಜ್ಯಾಮಿತೀಯ ಚೌಕಟ್ಟಿನಿಂದ ಬರುತ್ತದೆ. ರಂಧ್ರಗಳ ಸ್ಥಾನ ಹೇಳುವ ಆರು ಅಳತೆಗಳಿಗೆ ಹೀಗೆ ಚೌಕವಿತ್ತು. 147ಅನ್ನು ಬಿಟ್ಟಿದ್ದರೆ ಆರೂ ಸಾಮಾನ್ಯ ಅಳತೆಗಳಾಗಿ, ಸಾಮಾನ್ಯ ಟಾಲರೆನ್ಸ್‌ನಡಿ ಬಂದು ಬೀಳುತ್ತಿದ್ದವು. ಕೊನೆಗೆ ಚಿಹ್ನೆ ಹಳೆಯದನ್ನು ಉಳಿಸಿ, ಸಂಖ್ಯೆ ಹೊಸ ಸ್ಟೈಲ್‌ನದನ್ನು ತೆಗೆದುಕೊಂಡೆ.

ಪಟ್ಟಿ ಸಿದ್ಧವಾದ ಮೇಲೆ ಆಟೋಕ್ಯಾಡ್‌ನದೇ ಪ್ರೋಗ್ರಾಮ್ ಭಾಷೆಯಾದ ಆಟೋಲಿಸ್ಪ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದೆ. ಅದು ಮಾಡುವುದು ಇಷ್ಟೇ. ಪ್ರತಿ ಡೈಮೆನ್ಷನ್‌ನ ಮಾಹಿತಿಯನ್ನು ಎಕ್ಸ್‌ಡೇಟಾ ಸಮೇತ ‘ಎಂಟ್‌ಗೆಟ್’ನಿಂದ ಓದುತ್ತದೆ. 3ನೆಯ ಸಂಕೇತದಲ್ಲಿರುವ ಸ್ಟೈಲ್ ಹೆಸರನ್ನು ಹೊಸದಕ್ಕೆ ಬದಲಿಸುತ್ತದೆ. ಡಿಸ್ಟೈಲ್ ಪಟ್ಟಿಯಲ್ಲಿ ಉಳಿಸಬೇಕಾದ ಜೋಡಿಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಕಟ್ಟಿ, ‘ಎಂಟ್‌ಮಾಡ್’ನಿಂದ ವಾಪಸು ಬರೆಯುತ್ತದೆ. ‘ಅಪ್ಲೈ’ ಎಲ್ಲಿಯೂ ಬರುವುದಿಲ್ಲ. ಸ್ಟೈಲ್ ಹೆಸರಿನ 3ನೆಯ ಸಂಕೇತ ಬೇರೆ, ಚೀಲದೊಳಗೆ ಪಠ್ಯಕ್ಕಿರುವ 3 ಬೇರೆ, ಎರಡನ್ನೂ ಕಲಸಬಾರದು.

ಮೊದಲ ಪ್ರಯತ್ನ ಕೈಕೊಟ್ಟಿತು. ಚೀಲದಲ್ಲಿ ಸಂಕೇತವೂ 1070 ಎಂಬ ಗುರುತಿನಡಿಯೇ ಬರುತ್ತದೆ, ಪೂರ್ಣಾಂಕದ ಬೆಲೆಗಳೂ 1070ರಡಿಯೇ ಬರುತ್ತವೆ. ನಾನು 40 ಎಲ್ಲಿದೆ ಎಂದು ನೇರವಾಗಿ ಹುಡುಕಿ ಅದನ್ನೂ ಅದರ ಮುಂದಿನದನ್ನೂ ಕಿತ್ತುಹಾಕುವಂತೆ ಬರೆದಿದ್ದೆ. ಒಂದು ಡೈಮೆನ್ಷನ್‌ನಲ್ಲಿ ಅಕ್ಷರದ ಬಣ್ಣವೇ 40ನೆಯ ಬಣ್ಣವಾಗಿತ್ತು. ಪ್ರೋಗ್ರಾಮ್ ಬಣ್ಣದ ಬೆಲೆಯನ್ನು ಸ್ಕೇಲ್‌ನ ಸಂಕೇತವೆಂದು ಹಿಡಿದು, ಅದರೊಂದಿಗೆ ಮುಂದಿನ ಜೋಡಿಯ ತಲೆಯನ್ನೂ ಕಿತ್ತುಹಾಕಿ, ಬಣ್ಣದ ಸಂಕೇತಕ್ಕೆ ಆ ಮುಂದಿನ ಜೋಡಿಯ ಬೆಲೆಯನ್ನು ಅಂಟಿಸಿಬಿಟ್ಟಿತು. ಪಟ್ಟಿಯನ್ನು ಆರಂಭದಿಂದ ಎರಡೆರಡಾಗಿ ಎಣಿಸಿಕೊಂಡೇ ಹೋಗಬೇಕು, ಬೇರೆ ದಾರಿಯಿಲ್ಲ. ಬಾಣದ ಬ್ಲಾಕ್, ಅಕ್ಷರ ಶೈಲಿ ಇವುಗಳ ಬೆಲೆ ಸಂಖ್ಯೆಯಲ್ಲ, ಆ ಫೈಲ್‌ನೊಳಗೆ ಪ್ರತಿ ವಸ್ತುವಿಗೂ ಇರುವ ಗುರುತು, ಅಂದರೆ ಹ್ಯಾಂಡಲ್. ಒಂದು ಡ್ರಾಯಿಂಗ್‌ನ ಓವರ್‌ರೈಡ್ ಪಟ್ಟಿಯನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ನಕಲು ಮಾಡಬಾರದೆನ್ನುವುದು ಇದಕ್ಕೇ.

ಬ್ಲಾಕ್‌ಗಳ, ಅಂದರೆ ಒಂದೇ ವಸ್ತುವಾಗಿ ಕಟ್ಟಿದ ಚಿತ್ರಗಳ, ಒಳಗೆ ಹುದುಗಿದ ಡೈಮೆನ್ಷನ್‌ಗಳು ಸಾಮಾನ್ಯ ಆಯ್ಕೆಗೆ ಸಿಗುವುದಿಲ್ಲ. ಹಾಗೆ ಇದ್ದವು ಕೆಲವೇ ಆದ್ದರಿಂದ ಬ್ಲಾಕ್ ಎಡಿಟರ್‌ನಲ್ಲಿ ತೆರೆದು ಒಂದೊಂದಾಗಿ ಮುಗಿಸಿದೆ.

ಎಷ್ಟೇ ಉಳಿಸಿದರೂ ಅಕ್ಷರದ ಸ್ಥಾನಗಳಿಗೆ ಕೈ ಹಾಕಲೇಬೇಕಾಯಿತು. 2.5ರ ಅಕ್ಷರಕ್ಕೆಂದು ಲೆಕ್ಕ ಹಾಕಿ ಸರಿಸಿಟ್ಟ ಜಾಗ 3.5ಕ್ಕೆ ಸಾಲದು. ಸಾಲಾಗಿ ಒಂದರ ಮೇಲೊಂದು ಇರುವ ಡೈಮೆನ್ಷನ್ ಗೆರೆಗಳ ಅಂತರವನ್ನು ಹೊಸ ಸ್ಟೈಲ್‌ನಲ್ಲಿ ಹೆಚ್ಚಿಸಿದ್ದರೂ, ಆಗಲೇ ಹಾಕಿದ ಡೈಮೆನ್ಷನ್‌ಗಳು ಜರುಗುವುದಿಲ್ಲ. ಆ ಬೆಲೆ ಮುಂದೆ ಹಾಕುವವಕ್ಕೆ ಮಾತ್ರ. ‘ಡಿಮ್‌ಸ್ಪೇಸ್’ ಆದೇಶದಿಂದ ಆ ಸಾಲುಗಳನ್ನು ಹಿಗ್ಗಿಸಿದೆ. ಕಿಕ್ಕಿರಿದ ಕಡೆಗಳಲ್ಲಿ ಅಕ್ಷರವನ್ನು ಹಿಡಿದು ಮತ್ತೆ ಸರಿಸಿದೆ. ಈ ಭಾಗವನ್ನು ಯಾವ ಪ್ರೋಗ್ರಾಮ್‌ಗೂ ಬಿಡಲು ನನಗೆ ಮನಸ್ಸಿಲ್ಲ. ಯಾವ ಅಳತೆ ಯಾವ ಅಂಚಿನ ಹತ್ತಿರ ಕೂತರೆ ಓದುವವರಿಗೆ ಸುಲಭ ಎಂಬುದನ್ನು ಕಣ್ಣೇ ಹೇಳಬೇಕು.

ಅನೊಟೇಟಿವ್, ಅಂದರೆ ಸ್ಕೇಲ್‌ಗೆ ತಕ್ಕಂತೆ ಗಾತ್ರ ಹೊಂದಿಸಿಕೊಳ್ಳುವ, ಡೈಮೆನ್ಷನ್‌ಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಅವುಗಳಲ್ಲಿ ಪ್ರತಿ ಸ್ಕೇಲ್‌ಗೂ ಅಕ್ಷರವನ್ನು ಬೇರೆ ಬೇರೆ ಜಾಗದಲ್ಲಿ ಇಡಬಹುದು. ‘ಆನೊರೀಸೆಟ್’ ಎಂಬ ಆದೇಶ ಎಲ್ಲ ಸ್ಕೇಲ್‌ಗಳ ಸ್ಥಾನವನ್ನೂ ಚಾಲ್ತಿಯಲ್ಲಿರುವ ಸ್ಕೇಲ್‌ನ ಸ್ಥಾನಕ್ಕೆ ಎಳೆದು ತರುತ್ತದೆ. ಗೊಂದಲವಾದಾಗ ಅದನ್ನು ಒತ್ತಿ ಎಲ್ಲವನ್ನೂ ಸಪಾಟು ಮಾಡುವ ಆಸೆ ಹುಟ್ಟುತ್ತದೆ. ಇಡೀ ಡ್ರಾಯಿಂಗ್ ಮೇಲೆ ಅದನ್ನು ನಾನು ಎಂದೂ ಪ್ರಯೋಗಿಸುವುದಿಲ್ಲ.

ಇನ್ನು ಟೈಪ್ ಮಾಡಿ ಕೂರಿಸಿದ ಅಳತೆಗಳು. 1ನೆಯ ಸಂಕೇತದಲ್ಲಿ ಎಡ ಬಲ ಕೋನ ಚಿಹ್ನೆಗಳ ಜೋಡಿ (<>) ಇದ್ದರೆ ಅಲ್ಲಿ ನಿಜವಾದ ಅಳತೆ ಬಂದು ಕೂರುತ್ತದೆ. ಅದರ ಹಿಂದೆ ನಾಲ್ಕು ರಂಧ್ರಗಳಿವೆ ಎಂಬಂಥ ಮಾತು ಸೇರಿಸಿದ್ದರೆ ಯಾವ ತೊಂದರೆಯೂ ಇಲ್ಲ. ಆ ಜೋಡಿಯೇ ಇಲ್ಲದೆ ಬರೀ ಸಂಖ್ಯೆ ಟೈಪ್ ಮಾಡಿದ್ದರೆ, ಚಿತ್ರ ಬದಲಾದರೂ ಅಳತೆ ಬದಲಾಗುವುದಿಲ್ಲ. ಸ್ಟೈಲ್ ಬದಲಾವಣೆ ಇದನ್ನು ಮುಟ್ಟುವುದಿಲ್ಲವಾದರೂ, ಎಲ್ಲ ಡೈಮೆನ್ಷನ್‌ಗಳನ್ನೂ ಹೇಗೂ ಓದುತ್ತಿದ್ದೇನಲ್ಲ ಎಂದು ಅಂಥವನ್ನೂ ಹೆಕ್ಕಿ ತೆಗೆದೆ. ಸಿಕ್ಕ ಪ್ರತಿಯೊಂದನ್ನೂ ಭಾಗ ವಿನ್ಯಾಸ ಮಾಡಿದವರ ಮುಂದಿಟ್ಟು ಕೇಳಿದೆ. ನಾನಾಗಿ ಒಂದನ್ನೂ ತಿದ್ದಲಿಲ್ಲ.

ಕೊನೆಯ ತಪಾಸಣೆಗೆ ಅದೇ ಪ್ರೋಗ್ರಾಮ್‌ನಲ್ಲಿ ಇನ್ನೊಂದು ತುಣುಕು ಸೇರಿಸಿದೆ. ಬದಲಾವಣೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಪ್ರತಿ ಡೈಮೆನ್ಷನ್‌ನ ಹ್ಯಾಂಡಲ್, ಟೈಪ್ ಮಾಡಿದ ಪಠ್ಯ, ಓವರ್‌ರೈಡ್ ಜೋಡಿಗಳು, ಇಷ್ಟನ್ನು ಒಂದು ಪಠ್ಯ ಫೈಲ್‌ಗೆ ಒಂದು ಡೈಮೆನ್ಷನ್‌ಗೆ ಒಂದು ಸಾಲಿನಂತೆ ಬರೆಯುತ್ತದೆ. ಹೀಗೆ ಬದಲಿಸಿದಾಗ ಹ್ಯಾಂಡಲ್ ಬದಲಾಗುವುದಿಲ್ಲ, ಆದ್ದರಿಂದ ಎರಡು ಫೈಲ್‌ಗಳನ್ನು ಸಾಲಿಗೆ ಸಾಲು ಹೋಲಿಸಬಹುದು. ವ್ಯತ್ಯಾಸ ನಾನು ಬಿಟ್ಟ ಸಂಕೇತಗಳಲ್ಲಿ ಮತ್ತು 147ರ ಸಂಖ್ಯೆಯಲ್ಲಿ ಮಾತ್ರ ಇರಬೇಕು. ಅದರ ಜೊತೆಗೆ 2019ರ ಆವೃತ್ತಿಯಿಂದ ಇರುವ ಡ್ರಾಯಿಂಗ್ ಹೋಲಿಕೆಯ ಸೌಲಭ್ಯವನ್ನೂ ಬಳಸುತ್ತೇನೆ. ಆದರೆ ಅಕ್ಷರದ ಗಾತ್ರವೇ ಬದಲಾದಾಗ ಅದು ಪ್ರತಿ ಡೈಮೆನ್ಷನ್‌ಅನ್ನೂ ಬದಲಾದದ್ದೆಂದು ತೋರಿಸುತ್ತದೆ. ಚಿತ್ರದ ಗೆರೆಗಳು ಅಲುಗಿಲ್ಲ ಎಂದು ನೋಡಿಕೊಳ್ಳಲಷ್ಟೇ ಅದು ನನಗೆ ಉಪಯೋಗ.

ಈಗ ಹೊಸ ಡ್ರಾಯಿಂಗ್ ಶುರುಮಾಡುವಾಗ ಹಿಗ್ಗಿಸಿದ ವಿವರಗಳನ್ನು ಹಿಗ್ಗಿಸಿ ಬರೆಯುವುದೇ ಇಲ್ಲ. ಮಾಡೆಲ್‌ನಲ್ಲಿ ನಿಜ ಗಾತ್ರದಲ್ಲಿಯೇ ಬರೆದು, ಲೇಔಟ್‌ನಲ್ಲಿ, ಅಂದರೆ ಪ್ರಿಂಟ್ ಹಾಳೆಯಲ್ಲಿ, ಅದನ್ನು ತೋರಿಸುವ ಕಿಟಕಿಯಾದ ವ್ಯೂಪೋರ್ಟ್‌ನ ಸ್ಕೇಲ್ ಹೆಚ್ಚಿಸುತ್ತೇನೆ. ಗುಣಕದ ಅಗತ್ಯವೇ ಬೀಳುವುದಿಲ್ಲ. ಹಳೆಯ ಫೈಲ್‌ನಲ್ಲಿ ಹಾಗೆ ಮಾಡಲಾಗದಿದ್ದರೆ ಆ ವಿವರಕ್ಕೆಂದೇ 0.5ರ ಗುಣಕವಿರುವ ಬೇರೊಂದು ಸ್ಟೈಲ್ ಮಾಡಿ, ಹೆಸರಿನಲ್ಲಿಯೇ ಆ ಗುಣಕವನ್ನು ಬರೆದಿಡುತ್ತೇನೆ. ಗೇರ್‌ಬಾಕ್ಸ್ ಹೌಸಿಂಗ್‌ನ ಸೀಲ್ ವಿವರವನ್ನೂ ಕೊನೆಗೆ ಹೀಗೆಯೇ ಸರಿಪಡಿಸಿದೆ. ಪ್ರಿಂಟ್ ತೆಗೆದು, ಕೆಂಪು ಪೆನ್ಸಿಲ್‌ನಿಂದ ಮೊದಲು ಗುರುತು ಹಾಕಿದ್ದು ಆ 12ಕ್ಕೆ.